ಮಂಗಳ ನಿಂತ ಗಳಿಗೆ

ಈ ವಯಸ್ಸಿನಲ್ಲೂ ನನ್ನ ಕಂಠದಲ್ಲಿ ಸ್ವರ ಉಳಿಸಿರುವ ಮನೆದೇವರು ತಿಪ್ಪೇಸ್ವಾಮಿಗೆ ನಮಸ್ಕರಿಸಿ ಇದನ್ನು ಬರೆಯುತ್ತಿದ್ದೇನೆ.

ಕೊಂಡ್ಲಹಳ್ಳಿಯ ಬಯಲಾಟದಲ್ಲಿ ಬೆಳಗಿನ ಬಿಸಿಲು ಬೀಳುವ ಹೊತ್ತಿಗೆ ರಾವಣ ವೇಷದ ಓಬಣ್ಣ ರಾಮಬಾಣಕ್ಕೆ ಉರುಳಿದ. ಭಾಗವತನಾದ ನಾನು ಮಂಗಳ ಹಾಡಿ ಮುಗಿಸುವವರೆಗೆ ಸತ್ತ ವೇಷ ಅಲುಗಾಡಬಾರದೆಂಬುದು ನಮ್ಮ ಮೇಳಕ್ಕೆ ಹಿರಿಯರಿಂದ ಬಂದ ಕಟ್ಟಳೆ. ಎರಡನೆಯ ನುಡಿ ಹಾಡುತ್ತಿರುವಾಗ ಓಬಣ್ಣನ ಹೆಂಡತಿ ರಂಗಕ್ಕೆ ಓಡಿಬಂದಳು.

“ಸ್ವಾಮೀ, ರೆಪ್ಪೆ ಮ್ಯಾಲೆ ನೊಣ ಕುಂತೈತೆ, ಮಿಟುಕಿಸ್ತಿಲ್ಲ ನೋಡ್ರಿ!”

ನನ್ನ ಕೈತಾಳ ನಿಂತಿತು. ಮಂಗಳವನ್ನು ನಡುವೆ ನಿಲ್ಲಿಸಿದ್ದು ಜೀವಮಾನದಲ್ಲಿ ಅದೇ ಮೊದಲು. ಬಾಗಿ ಅವನ ಮೂಗಿನ ಬಳಿ ಬೆರಳಿಟ್ಟೆ. ಉಸಿರು ತಾಕಲಿಲ್ಲ.

“ಯಾಕ್ ನಿಲ್ಸಿದ್ರಿ?” ಕಣ್ಣು ತೆರೆಯದೆಯೇ ಓಬಣ್ಣ ಪಿಸುಗುಟ್ಟಿದ. “ಹಾಡ್ರಿ, ನಾನು ಏಳಬೇಕು.”

ಅಂದಿನಿಂದ ಮಂಗಳ ಹಾಡುವಾಗ ನನ್ನ ದೃಷ್ಟಿ ದೇವರ ಪಟದ ಮೇಲೆ ನಿಲ್ಲುವುದಿಲ್ಲ. ಬಿದ್ದವನ ಎದೆಯ ಏರಿಳಿತವನ್ನು ಅರಸುತ್ತದೆ. ಬಣ್ಣ ಹಚ್ಚಿದವರೂ ಅವರಿಗಾಗಿ ಕಾದವರೂ ನೂರ್ಕಾಲ ಬಾಳಲಿ.