ನಾನು ಟೈಪ್ ಮಾಡದ ಹನ್ನೆರಡನೆಯ ಅಂಶ

ಫಿಟ್ಟರ್ ಪಿಳ್ಳಪ್ಪನ ಬಲಗೈ ಹೋದದ್ದು ನನ್ನಿಂದ. ಅದು ಗೊತ್ತಿದ್ದೂ ವಿಚಾರಣೆಯಲ್ಲಿ ನಿಂತು ನಾನು ಸುಳ್ಳು ಹೇಳಿದೆ— ಆ ಸುಳ್ಳಿನಿಂದ ಇನ್ನೊಬ್ಬರ ಹೆಸರೂ ಕೆಟ್ಟಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುತ್ತ ಹೋದಂತೆ ನಿಮಗೆ ನನ್ನ ಮೇಲೆ ಮರುಕ ಬರಬಹುದು. ಬರುವುದು ಬೇಡ.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ಚಿಕ್ಕಬಳ್ಳಾಪುರದಲ್ಲಿ ಕೆರೆ, ರಸ್ತೆಗಳ ಕೆಲಸ ನೋಡಿಕೊಳ್ಳುವ ಕಚೇರಿಯೊಂದರಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಹಂಗಾಮಿ ಕೆಲಸ, ಅದು ಕಾಯಂ ಆಗುವುದು ನಮ್ಮ ಸಾಹೇಬರ ಒಂದು ರುಜುವಿನ ಮೇಲೆ ನಿಂತಿತ್ತು. ಜಂಗಮಕೋಟೆಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಒಂದಿಷ್ಟು ಹಿಪ್ಪುನೇರಳೆ ಸೊಪ್ಪು, ನಡುಮನೆಯ ತುಂಬ ರೇಷ್ಮೆ ಹುಳುವಿನ ತಟ್ಟೆಗಳು.

ಆಗ ತೊಂಡೇಬಾವಿ ಕಡೆಯ ಒಂದು ಕೆರೆಯ ಏರಿಗೆ ಕಲ್ಲು ಕಟ್ಟುವ ಕೆಲಸ ನಡೆಯಬೇಕಾಗಿತ್ತು. ಕಲ್ಲು ಸಾಗಿಸಲು ಕಚೇರಿಯೇ ಒಂದು ದೊಡ್ಡ ಟಿಪ್ಪರ್ ಲಾರಿ ತರಿಸುವುದೆಂದು ತೀರ್ಮಾನವಾಯಿತು. ಎಂಥ ಲಾರಿ ಬೇಕು, ಅದರಲ್ಲಿ ಏನೇನಿರಬೇಕು ಎಂದು ಪಟ್ಟಿ ಮಾಡುವ ಹೊಣೆ ಓವರ್‌ಸಿಯರ್ ಅಶ್ವತ್ಥಯ್ಯನವರದು. ಗೌರಿಬಿದನೂರಿನವರು, ಮಾತು ಕಡಿಮೆ. ವಾರಗಟ್ಟಲೆ ಆ ಏರಿಯ ಮೇಲೆ ಟೇಪು ಹಿಡಿದು ಓಡಾಡಿ ಬಂದರು. ಹಳೆಯ ಕಡತದಲ್ಲಿ ಒಂದು ಪಟ್ಟಿ ಇದೆಯಲ್ಲ, ಅದನ್ನೇ ನಕಲು ಮಾಡಿದರಾಗದೇ ಎಂದು ನಾನು ಕೇಳಿದ್ದೆ.

"ಅದು ಮಣ್ಣು ಹೊರೋ ಲಾರೀದು ಕಣಮ್ಮ," ಅಂದರು. "ಮಣ್ಣು ಮೆತ್ತಗೆ ಬೀಳುತ್ತೆ, ಕಲ್ಲು ಹಂಗಲ್ಲ. ಲಾರಿ ಹಿಂದಿನ ತೊಟ್ಟಿ ತಳ ದಪ್ಪ ಇರ್ಬೇಕು, ಇಲ್ದಿದ್ರೆ ಆರು ತಿಂಗಳಿಗೇ ಹರಿದುಹೋಗುತ್ತೆ. ಏರಿ ಮೇಲೆ ತಿರುಗಿಸೋಕೆ ಜಾಗ ಇಲ್ಲ, ಉದ್ದದ ಲಾರಿ ತಂದ್ರೆ ನೇರ ಕೆರೆಗೇ. ಇಳಿಜಾರಲ್ಲಿ ತುಂಬಿದ ಲಾರಿ ನಿಲ್ಬೇಕು, ಬ್ರೇಕು ಅದಕ್ಕೆ ತಕ್ಕಂಗಿರ್ಬೇಕು."

ಹಾಗೆ ಒಂದೊಂದನ್ನೂ ಯೋಚಿಸಿ ಬರೆದ ಹನ್ನೊಂದು ಅಂಶ. ನಾನು ಅದನ್ನು ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪ್ ಮಾಡಿ ಮುಗಿಸಿದ್ದೆ. ಸಂಜೆ ನಾಲ್ಕೂವರೆ ಹೊತ್ತಿಗೆ ಅವರು ಒಂದು ಚೀಟಿ ಹಿಡಿದು ಬಂದರು.

"ಇದೊಂದು ಬಿಟ್ಟುಹೋಗಿತ್ತಮ್ಮ. ಹನ್ನೆರಡನೇದು ಅಂತ ಸೇರಿಸಿಬಿಡು. ತೊಟ್ಟಿ ಮೇಲಕ್ಕೆ ಎತ್ತಿದಾಗ ಅಡೀಲಿ ಆನಿಸೋಕೆ ಉಕ್ಕಿನ ಕಂಬಿ, ಲಾರಿಗೇ ಜೋಡಿಸಿದ್ದು. ಎತ್ತೋ ಜಾಕಿ ಪೈಪು ಒಡೆದ್ರೂ ತೊಟ್ಟಿ ಕೆಳಗೆ ಬರಬಾರ್ದು. ಅಡೀಲಿ ಮನುಷ್ಯ ಇರ್ತಾನೆ."

ಸೇರಿಸುತ್ತೇನೆ ಎಂದೆ. ಅವರು ಹೊರಟುಹೋದರು.

ಹಾಳೆಯ ಅಡಿಯಲ್ಲಿ ಜಾಗ ಉಳಿದಿರಲಿಲ್ಲ; ಸೇರಿಸಬೇಕಾದರೆ ಅದನ್ನು ಮೊದಲಿನಿಂದ ಮತ್ತೆ ಟೈಪ್ ಮಾಡಬೇಕು. ಅಂದು ಮನೆಯಲ್ಲಿ ಹುಳು ಹಣ್ಣಾಗಿದ್ದವು— ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಅಮ್ಮ ಒಬ್ಬಳೇ. ಐದರ ಬಸ್ಸು ತಪ್ಪಿದರೆ— ಬೆಳಿಗ್ಗೆ ಬೇಗ ಬಂದು ಮಾಡಿದರಾಯಿತು ಎಂದುಕೊಂಡೆ. ಚೀಟಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಮಾರನೆಯ ದಿನ ಏಳುವುದೇ ತಡವಾಗಿ, ನಾನು ಬರುವಷ್ಟರಲ್ಲಿ ಜವಾನ ಸ್ಟೆನ್ಸಿಲ್‌ನಿಂದ ಪ್ರತಿಗಳನ್ನು ತೆಗೆದಾಗಿತ್ತು. ಸಾಹೇಬರು ರುಜು ಹಾಕಿ, ಅವು ಅಂಚೆಗೂ ಹೋಗಿದ್ದವು. ಆಗಲೂ ಕಾಲ ಮಿಂಚಿರಲಿಲ್ಲ. ಒಂದು ತಿದ್ದುಪಡಿ ಪತ್ರ ಸಾಕಾಗಿತ್ತು. ಆದರೆ ಅದಕ್ಕೆ ಸಾಹೇಬರ ಕೋಣೆಗೆ ಹೋಗಿ ನನ್ನ ತಪ್ಪು ಹೇಳಬೇಕು— ನನ್ನ ಕೆಲಸ ಕಾಯಂ ಆಗುವ ಕಾಗದ ಅದೇ ಮೇಜಿನ ಮೇಲಿತ್ತು. ಅಶ್ವತ್ಥಯ್ಯನವರಿಗಾದರೂ ಹೇಳಬಹುದಿತ್ತು. ಅವರು ಬೈಯುವವರೂ ಅಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ— ಅಷ್ಟರಲ್ಲಿ ಅವರನ್ನು ಚಿಂತಾಮಣಿಯ ಇನ್ನೊಂದು ಕೆಲಸಕ್ಕೆ ಕಳಿಸಿದರು. ನನ್ನ ಕೆಲಸ ಕಾಯಂ ಆಯಿತು.

ಲಾರಿ ಬಂದಾಗ ಪಟ್ಟಿಯ ಹನ್ನೊಂದು ಅಂಶಗಳೂ ಸರಿಯಾಗಿದ್ದವು. ಕೇಳದೇ ಇದ್ದ ಕಂಬಿ ಇರಲಿಲ್ಲ. ಅದು ಇರಬೇಕಾಗಿತ್ತೆಂದು ತೊಂಡೇಬಾವಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಐದಾರು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಪಿಳ್ಳಪ್ಪ ತೊಟ್ಟಿ ಎತ್ತಿಸಿ, ಒಂದು ಮರದ ದಿಮ್ಮಿ ಆನಿಸಿ, ಅಡಿಯಲ್ಲಿ ಕೈಹಾಕಿ ಗ್ರೀಸ್ ಹಚ್ಚುತ್ತಿದ್ದ. ಜಾಕಿಯ ಪೈಪು ಒಡೆಯಿತು. ದಿಮ್ಮಿ ಸೀಳಿತು. ಮೊಣಕೈಯಿಂದ ಕೆಳಗೆ ಏನೂ ಉಳಿಯಲಿಲ್ಲ.

ಸುದ್ದಿ ಕಚೇರಿಗೆ ಬಂದಾಗ ನನ್ನ ಬೆರಳು ಟೈಪ್‌ರೈಟರಿನ ಮೇಲೇ ನಿಂತವು. ಚೀಟಿ ಇನ್ನೂ ನನ್ನ ಚೀಲದಲ್ಲೇ ಇತ್ತು. ವಿಚಾರಣೆಯ ದಿನ ಬೆಳಿಗ್ಗೆ ಅದನ್ನು ಬಚ್ಚಲೊಲೆಗೆ ಹಾಕಿ, ಸ್ನಾನ ಮಾಡಿ, ಬಸ್ಸು ಹತ್ತಿದೆ.

ಸಾಹೇಬರ ಕೋಣೆಯಲ್ಲಿ ಮೇಲಿನ ಕಚೇರಿಯಿಂದ ಬಂದ ಒಬ್ಬ ಅಧಿಕಾರಿ ಕುಳಿತಿದ್ದರು. ಚಿಂತಾಮಣಿಯಿಂದ ಕರೆಸಿದ್ದ ಅಶ್ವತ್ಥಯ್ಯನವರು ಮೇಜಿನ ಮುಂದೆ ನಿಂತಿದ್ದರು. ನನ್ನನ್ನು ಬಾಗಿಲ ಪಕ್ಕದಲ್ಲಿ ನಿಲ್ಲಿಸಿದರು.

"ಇಷ್ಟೆಲ್ಲ ಬರೆದವರು, ಆನಿಸೋ ಕಂಬಿ ಒಂದನ್ನ ಯಾಕ್ರೀ ಬಿಟ್ರಿ?" ಎಂದು ಅಧಿಕಾರಿ ಕೇಳಿದರು.

"ಬಿಟ್ಟಿಲ್ಲ ಸಾರ್. ಕೊನೇಲಿ ಚೀಟಿ ಬರೆದು ಟೈಪಿಸ್ಟ್‌ಗೆ ಕೊಟ್ಟಿದ್ದೆ."

ಅಧಿಕಾರಿ ನನ್ನ ಕಡೆ ತಿರುಗಿದರು. "ಏನಮ್ಮ, ಕೊಟ್ಟಿದ್ರಾ?"

ಆ ಕ್ಷಣ ಎಷ್ಟು ಉದ್ದವಿತ್ತೆಂದರೆ— ಮೇಜಿನ ಮೇಲಿನ ಗಾಜಿನ ಗುಂಡು, ಅದರೊಳಗಿನ ಹಸಿರು ಗುಳ್ಳೆ, ಕಿಟಕಿಯಾಚೆ ಯಾರೋ ಸೈಕಲ್ಲಿಗೆ ಗಾಳಿ ತುಂಬುತ್ತಿದ್ದ ಸದ್ದು, ಎಲ್ಲವೂ ಇಂದಿಗೂ ಕಣ್ಣು ಕಿವಿಯಲ್ಲಿವೆ. ಹೌದು ಎನ್ನಲು ಬಾಯಿ ತೆರೆದೆ. ನಿಜವಾಗಿ ಅದಕ್ಕೇ ತೆರೆದೆ.

"ಇಲ್ಲ ಸಾರ್. ಅಂಥ ಚೀಟಿ ಯಾವುದೂ ನನ್ನ ಕೈಗೆ ಬಂದಿಲ್ಲ."

ಅಶ್ವತ್ಥಯ್ಯನವರು ನನ್ನನ್ನೇ ನೋಡಿದರು. ಜೋರು ಮಾಡುತ್ತಾರೆ, ವಾದಿಸುತ್ತಾರೆ ಎಂದು ಕಾದೆ. ಅವರು ಅಧಿಕಾರಿಯ ಕಡೆ ತಿರುಗಿ, "ಹಂಗಾದ್ರೆ ನಾನೇ ಮರೆತಿರ್ಬೇಕು ಸಾರ್," ಅಂದರು.

ವರದಿ ಬಂತು. ಓವರ್‌ಸಿಯರರ ಮರೆವು, ಫಿಟ್ಟರನ ಅಜಾಗರೂಕತೆ. ಅಶ್ವತ್ಥಯ್ಯನವರಿಗೆ ಬರಬೇಕಾಗಿದ್ದ ಬಡ್ತಿ ತಪ್ಪಿತು, ಅವರು ಓವರ್‌ಸಿಯರ್ ಆಗಿಯೇ ನಿವೃತ್ತರಾದರು. ಪಿಳ್ಳಪ್ಪನನ್ನು ಕೆಲಸದಿಂದ ತೆಗೆದರು. ನಾನು ದಿನವೂ ಕಚೇರಿಗೆ ಹೋಗಿ ಬಂದೆ. ಉಂಡೆ, ನಿದ್ದೆಯನ್ನೂ ಮಾಡಿದೆ. ಪಶ್ಚಾತ್ತಾಪದಿಂದ ಕೊರಗಿದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಏಳು ವರ್ಷ ಹೀಗೇ ಕಳೆಯಿತು. ಆಮೇಲೆ ಒಂದು ದಿನ ಪಿಳ್ಳಪ್ಪನ ಅರ್ಜಿ ಬಂತು: ಕೆರೆಯ ತೂಬಿನ ಕಾವಲಿಗೆ ತನ್ನನ್ನು ತೆಗೆದುಕೊಳ್ಳಬೇಕೆಂದು. ಅಡಿಯಲ್ಲಿ ಎಡಗೈಯಲ್ಲಿ ಬರೆದ ಸೊಟ್ಟ ರುಜು. ಉತ್ತರವನ್ನು ಟೈಪ್ ಮಾಡುವ ಕೆಲಸ ನನಗೇ ಬಂತು. 'ಅಪಘಾತವು ಸ್ವಂತ ಅಜಾಗರೂಕತೆಯಿಂದ ಸಂಭವಿಸಿದ್ದರಿಂದ ಕೋರಿಕೆಯನ್ನು ಪರಿಗಣಿಸಲಾಗುವುದಿಲ್ಲ.' ಟೈಪ್ ಮಾಡಿದೆ. ಒಂದಕ್ಷರವೂ ತಪ್ಪಾಗಲಿಲ್ಲ. ಕಾಗದವನ್ನು ಮಿಷಿನ್ನಿನಿಂದ ಎಳೆದು, ಆ ಸೊಟ್ಟ ರುಜುವಿನ ಪಕ್ಕ ಇಟ್ಟು ಓದಿದೆ.

ಆ ಭಾನುವಾರ ಗೌರಿಬಿದನೂರಿಗೆ ಹೋದೆ. ಅಶ್ವತ್ಥಯ್ಯನವರು ಜಗಲಿಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. "ಬಾಮ್ಮ," ಎಂದು ಚಾಪೆ ಸರಿಸಿದರು. ನಾನು ಕೂರಲಿಲ್ಲ.

"ಸಾರ್, ಆ ಚೀಟಿ..."

"ನನಗೆ ಅವತ್ತೇ ಗೊತ್ತಿತ್ತಮ್ಮ."

"ಮತ್ತೆ ಯಾಕೆ ಸಾರ್ ಸುಮ್ನಿದ್ರಿ?"

"ನಿನ್ನ ಕೆಲಸ ಹೋಗುತ್ತೆ ಅಂತ ಸುಮ್ನಾದೆ. ಪಿಳ್ಳಪ್ಪನ ತಲೆ ಮೇಲೂ ತಪ್ಪು ಹೊರಿಸ್ತಾರೆ ಅಂತ ಹೊಳೀಲಿಲ್ಲ. ವರದಿ ಬಂದ ಮೇಲೆ ಬಾಯಿ ಬಿಡೋಕೆ ನನಗೂ ಧೈರ್ಯ ಬರ್ಲಿಲ್ಲ." ಬಿಡಿಸಿದ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ತಲೆಯೆತ್ತದೆ, "ನನ್ನ ಹತ್ರ ಹೇಳಿ ಏನು ಬಂತು? ಹನ್ನೆರಡೂವರೆಗೆ ಒಂದು ರೈಲಿದೆ. ತೊಂಡೇಬಾವೀಲಿ ಇಳಿದು ಯಾರನ್ನ ಕೇಳಿದ್ರೂ ಅವನ ಮನೆ ತೋರಿಸ್ತಾರೆ," ಅಂದರು.

ಪಿಳ್ಳಪ್ಪ ಮನೆಯ ಮುಂದೆ ಎಮ್ಮೆಗೆ ಹುಲ್ಲು ಹಾಕುತ್ತಿದ್ದ. ಹೆಂಡತಿ ಗಂಗಮ್ಮ ಹೊಸಿಲ ಮೇಲಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ: ಚೀಟಿ, ಬಸ್ಸು, ಬಚ್ಚಲೊಲೆ, ವಿಚಾರಣೆ. ಅವನಿಗೆ ಅರ್ಥವಾದಂತೆ ಕಾಣಲಿಲ್ಲ.

"ದಿಮ್ಮಿ ನಾನೇ ಆರಿಸಿದ್ದು ತಾಯಿ," ಅಂದ. "ಅದ್ರಲ್ಲಿ ಬಿರುಕಿತ್ತು, ನಾನೇ ನೋಡ್ಲಿಲ್ಲ. ಅದಕ್ಕೇ ಆಮೇಲೆ ಯಾವ ಮಿಷಿನ್ನೂ ಮುಟ್ಟಿಲ್ಲ. ನನ್ನ ಕಣ್ಣೇ ನಂಬಂಗಿಲ್ಲ ಅಂತ."

"ದಿಮ್ಮಿ ಇಡೋ ಕೆಲಸವೇ ನಿಮಗೆ ಬರಬಾರದಿತ್ತು," ಎಂದೆ. "ಲಾರಿಯಲ್ಲೇ ಉಕ್ಕಿನ ಕಂಬಿ ಇರಬೇಕಾಗಿತ್ತು. ಇಲ್ಲದಂತೆ ಮಾಡಿದವಳು ನಾನು."

ಅವನು ಹುಲ್ಲಿನ ಹೊರೆಯ ಮೇಲೆ ಕುಸಿದು ಕುಳಿತ. ಹೆಂಡತಿಯ ಕಡೆ ತಿರುಗಿ, ಮನೆಮಾತು ತೆಲುಗಿನಲ್ಲಿ, "ವಿನ್ನಾವಾ? ನಾ ತಪ್ಪು ಕಾದಂಟ," ಅಂದ. ಕೇಳಿದೆಯಾ, ನನ್ನ ತಪ್ಪಲ್ಲವಂತೆ. ಅದನ್ನೇ ಎರಡು ಸಲ, ಮೂರು ಸಲ ಅಂದ. ನನ್ನ ಮೇಲೆ ಸಿಟ್ಟಾಗಬೇಕೆಂಬುದೂ ಅವನಿಗೆ ನೆನಪಾಗಲಿಲ್ಲ.

ಸಿಟ್ಟು ಬಂದದ್ದು ಗಂಗಮ್ಮನಿಗೆ. "ಏಳು ವರ್ಷ ಎಲ್ಲಿ ಹೋಗಿದ್ರಿ?" ಅಂದಳು. ಅವಳು ಒಳಗಿನಿಂದ ಎರಡು ಹಾಳೆ, ಪೆನ್ಸಿಲ್ ತಂದು ನನ್ನ ಮುಂದೆ ಹಿಡಿದಳು. "ಬರ್ಕೊಡಿ. ಆಫೀಸಿಗೊಂದು, ನಮಗೊಂದು."

ಅಲ್ಲೇ ನೆಲದ ಮೇಲೆ ಕುಳಿತು ಎರಡು ಪ್ರತಿ ಬರೆದೆ, ರುಜು ಹಾಕಿದೆ. ಎದ್ದು ಹೊರಡುವಾಗ ಗಂಗಮ್ಮ ತಡೆದಳು.

"ಕೈ ಹೋದವನೇ ತಪ್ಪು ಮಾಡ್ದ ಅಂತ ಆಡ್ಕೊಂಡೋರೆಲ್ಲ ಈ ಬೀದೀಲೇ ಅವ್ರೆ. ಇಲ್ಲೇ ನಿಂತ್ಕೊಂಡು ಓದಿ. ಗಟ್ಟಿಯಾಗಿ."

ಎದುರು ಮನೆಯ ಬಾಗಿಲು ತೆರೆಯಿತು. ಅದರಾಚೆಯ ಮನೆಯ ಮುದುಕರೊಬ್ಬರು ಹೊರಗೆ ಬಂದರು. ಹೊಲದಿಂದ ಬರುತ್ತಿದ್ದ ಇಬ್ಬರು ಹೆಂಗಸರು ಬುಟ್ಟಿ ಹೊತ್ತುಕೊಂಡೇ ನಿಂತರು. ಹಾಳೆಯ ಕಡೆಗೇ ಮುಖ ಮಾಡಿ, ನನ್ನ ಹೆಸರಿನಿಂದ ಶುರುಮಾಡಿ ಮೆಲ್ಲಗೆ ಓದಿದೆ.

"ಕೇಳಿಸ್ತಾ ಇಲ್ಲ," ಅಂದಳು ಗಂಗಮ್ಮ.

ಮತ್ತೆ ಮೊದಲಿನಿಂದ ಓದಿದೆ.