ಅತ್ತರಿನ ಹತ್ತಿ ಇಟ್ಟುಕೊಂಡು ಹೋದ ಕಿವಿಗಳು

ಮಳೆ ಕೈಕೊಟ್ಟ ವರ್ಷ ಸಂತಪುರದ ಕಡೆಯಿಂದ ನಾವು ಗಂಡ ಹೆಂಡತಿ ಹೈದರಾಬಾದಿನ ಕಲ್ಲು ಕ್ರಷರ್‌ಗೆ ದುಡಿಯಲು ಹೋಗಿದ್ದೆವು. ಒಂದು ಬೆಳಿಗ್ಗೆ ದಿಂಬಿನ ಮೇಲೆ ಹಳದಿ ಕಲೆ ಕಂಡಿತು. ಒಂದು ಕಿವಿ ಸೋರಿತ್ತು. ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡು ಸುಮ್ಮನಾದೆ. ಆಮೇಲೆ ಇನ್ನೊಂದೂ ಸೋರಿತು.

ಮರುವರ್ಷ ಊರಲ್ಲೇ ಕೆಲಸ ಸಿಕ್ಕಿತು. ಮೂವತ್ತಾರನೇ ವಯಸ್ಸಿಗೆ ಹತ್ತನೇ ಪಾಸಾದವನು ನಾನು. ನೀರಿನ ಟ್ಯಾಂಕರ್ ಯಾವ ಓಣಿಗೆ ಹೋಗಬೇಕೆಂದು ಡ್ರೈವರ್‌ಗೆ ಫೋನಿನಲ್ಲಿ ಹೇಳುವುದೇ ಕೆಲಸ.

ಫೋನು ಕೇಳಿಸುತ್ತಿರಲಿಲ್ಲ.

ಈ ಕೆಲಸ ಹೋದರೆ ಮತ್ತೆ ಕ್ರಷರ್. ಹೆಂಡತಿ ಮಹಾದೇವಿ ಹೈದರಾಬಾದಿನ ಚೀಲ ತುಂಬಿಯೇ ಇಟ್ಟಿದ್ದಳು.

ಬೀದರಿಗೆ, ಆಡಿಯಾಲಜಿಸ್ಟ್ ಹತ್ತಿರ ಹೋದೆವು. ಸೋರುವ ಕಿವಿಗೆ ಕೇಳಿಸುವ ಮಷೀನ್ ಕೊಡುವುದಿಲ್ಲ ಎಂದು ಯಾರೋ ಹೇಳಿದ್ದರು. ಅದಕ್ಕೇ ನಸುಕಿನಲ್ಲಿ ಎರಡೂ ಕಿವಿ ಒರೆಸಿ, ನಮ್ಮಲ್ಲಿ ಮದುವೆಗೆ ಹೋಗುವಾಗ ಇಟ್ಟುಕೊಳ್ಳುವಂತೆ ಅತ್ತರಿನ ಹತ್ತಿ ಇಟ್ಟುಕೊಂಡೆ.

ಅಲ್ಲಿಯ ಮೇಡಂ ಹತ್ತಿರ ಬಂದು ನಗುತ್ತ ಜೋರಾಗಿ ಕೇಳಿದರು: "ಯಾರ ಮದುವಿಗಿ ಹೊಂಟೀರಿ ಅಣ್ಣಾರೆ?"

"ಇಲ್ರಿ ಡಾಕ್ಟರ್ ಮೇಡಂ."

"ಡಾಕ್ಟರ್ ಅನಬ್ಯಾಡ್ರಿ. ನಾ ಆಡಿಯಾಲಜಿಸ್ಟ್."

ಹತ್ತಿ ತೆಗೆದು ಲೈಟ್ ಹಿಡಿದು ನೋಡಿದರು. ನಗು ನಿಂತಿತು. "ಕಿವಿ ಒಳಗಿನ ಪರದಾಕ್ಕ ತೂತು ಬಿದ್ದದರಿ. ಕೀವು ಬರ್ಲತ್ತದ."

"ಎರಡು ಹನಿ ಔಷಧ ಬರ್ದು ಮಷೀನ್ ಹಾಕ್ರಿ. ಯಾರಿಗೂ ಹೇಳಂಗಿಲ್ರಿ," ಎಂದು ಬೇಡಿಕೊಂಡೆ.

"ಎಷ್ಟು ಕೇಳಸ್ತದ ನೋಡೋದು, ಮಷೀನ್ ಹೊಂದಸೋದು, ಇಷ್ಟಕ್ಕೇ ನನ್ನ ಲೈಸೆನ್ಸ್ ರಿ. ಔಷಧ ಇಎನ್‌ಟಿ ಡಾಕ್ಟರ್ ಬರೀಬೇಕು. ಸೋರೋ ಕಿವಿ ಮುಚ್ಚಿದ್ರ ಕೀವು ಒಳಗೇ ಕೂಡ್ತದ."

ಪರೀಕ್ಷೆ ಮಾಡಿ, ಇಎನ್‌ಟಿ ಡಾಕ್ಟರ್‌ಗೆ ಚೀಟಿ ಬರೆದುಕೊಟ್ಟರು. ನನಗೆ ಸಿಟ್ಟು. ಮೆಟ್ಟಿಲಲ್ಲೇ ಅಂದೆ: "ಭಾಲ್ಕಿ ಅಂಗಡ್ಯಾಗ ಕಿವಿ ನೋಡದೇ ಮಷೀನ್ ಕೊಡ್ತಾರಂತ. ನಡಿ."

ಮಹಾದೇವಿ ನನ್ನ ಕಿವಿಯಲ್ಲೇ ಚೀರಿದಳು: "ಟ್ಯಾಂಕರ್ ಕಳಸೋದು ನಿಮ್ಮ ಕೆಲಸ. ಬೋರ್ ಕೆಟ್ರ ಮೋಟರ್ ಬಿಚ್ಚತೀರೇನು?"

"ಇಲ್ಲ."

"ಮತ್ತ?"

ಚೀಟಿ ಹಿಡಿದು ಇಎನ್‌ಟಿ ಡಾಕ್ಟರ್ ಹತ್ತಿರವೇ ಹೋದೆವು. ಅವರು ಅದನ್ನು ಓದಿ, ಹೀಗೇ ಮಷೀನ್ ಹಾಕದೆ ಇದ್ದದ್ದು ಒಳ್ಳೆಯದಾಯಿತು ಎಂದರು. ಔಷಧ ಕೊಟ್ಟು, ಕಿವಿಗೆ ನೀರು ಹೋಗಬಾರದು, ಎಣ್ಣೆಯಂತೂ ಬೇಡವೇ ಬೇಡ ಎಂದು ಹೇಳಿದರು. ಕಿವಿ ಒಣಗಲು ವಾರಗಟ್ಟಲೆ ಹಿಡಿಯಿತು. ಅಷ್ಟು ದಿನ ಮಹಾದೇವಿ ಫೋನು ಹಿಡಿದು ಕೇಳುತ್ತಿದ್ದಳು. ನಾನು ಅವಳ ಕೈಸನ್ನೆ ನೋಡಿ ಓಣಿ ಹೇಳುತ್ತಿದ್ದೆ. ಹೀಗೆ ಅವಳು ಆ ಕೆಲಸವನ್ನು ನನ್ನ ಹೆಸರಿನಲ್ಲೇ ಉಳಿಸಿದಳು.

ಡಾಕ್ಟರ್ ಒಪ್ಪಿದ ಮೇಲೆ ಮೇಡಂ ಮಷೀನ್ ಹೊಂದಿಸಿದರು. ಮರುದಿನ ಡ್ರೈವರ್ ಪಾಷಾ ಎಂದಿನಂತೆ ಫೋನಿನಲ್ಲಿ ಅಬ್ಬರಿಸಿದ.

"ಪಾಷಾ, ಚೀರಬ್ಯಾಡೋ. ಕೇಳಸ್ಲತ್ತದ."

ಅವನು ಮೆಲ್ಲಗೆ ಕೇಳಿದ: "ಯಾವ ಓಣಿಗಿ ಬರ್ಲಿ ಅಣ್ಣಾ?"

ತೂತು ಇನ್ನೂ ಇದೆ. ಆಪರೇಷನ್ ಬೇಕೋ ಏನೋ, ಮುಂದೆ ನೋಡೋಣ ಎಂದಿದ್ದಾರೆ. ಅತ್ತರು ಈಗ ಅಂಗಿಗಷ್ಟೇ. ಅಂದು ಫೋನು ಇಟ್ಟ ಮೇಲೆ ಮಹಾದೇವಿ ಹೈದರಾಬಾದಿನ ಚೀಲ ಬಿಚ್ಚಿ, ನನ್ನ ಅಂಗಿಗಳನ್ನು ಒಂದೊಂದಾಗಿ ಗೋಡೆಯ ಮೊಳೆಗೆ ತೂಗುಹಾಕಿದಳು.