ಸಣ್ಣಬೀರಪ್ಪ ಕೇಳಿಸಿಕೊಂಡ ದಾರಿ

ಬುಧವಾರ ಬೆಳಿಗ್ಗೆ ಒಂಬತ್ತು ಮಕ್ಕಳನ್ನು ಕೂರಿಸಿಕೊಂಡು ಶಾಲೆಗೆ ಹೊರಟಿದ್ದ ಸೌಮ್ಯಳ ವ್ಯಾನು ಅಜ್ಜಂಪುರದ ರೈಲ್ವೆ ಗೇಟಿನಲ್ಲಿ, ಸರಿಯಾಗಿ ಹಳಿಯ ಮೇಲೆ ನಿಂತುಬಿಟ್ಟಿತು. ಪುಣ್ಯಕ್ಕೆ ರೈಲು ಬರುವ ಹೊತ್ತಲ್ಲ. ಗೇಟಿನವನೂ ದಾರಿಯಲ್ಲಿದ್ದ ಇಬ್ಬರೂ ಸೇರಿ ಆಚೆಗೆ ತಳ್ಳಿದರು.

ಸಂಜೆ ಸೌಮ್ಯ ತನ್ನೂರು ಬುಕ್ಕಾಂಬುಧಿಗೆ ಮರಳಿದಾಗ ಕರಿಯಮ್ಮ ತನ್ನ ಮನೆ ಬಾಗಿಲಲ್ಲೇ ಕಾದಿದ್ದಳು. ಆ ಒಂಬತ್ತರಲ್ಲಿ ಇಬ್ಬರು ಅವಳ ಮೊಮ್ಮಕ್ಕಳು.

"ಗಾಡಿ ಯಾಕೆ ನಿಲ್ತದೆ ಅಂತ ಸೋಮವಾರದೊಳಗೆ ಹೇಳವ್ವ. ಇಲ್ದಿದ್ರೆ ನಮ್ಮ ಹುಡುಗ್ರು ಬೇರೆ ಗಾಡೀಲಿ ಹೋಯ್ತಾವೆ. ಬೇಜಾರು ಮಾಡ್ಕಬ್ಯಾಡ."

ಸೌಮ್ಯ ಬೇಜಾರು ಮಾಡಿಕೊಳ್ಳಲಿಲ್ಲ. ಆರು ವರ್ಷದಿಂದ ಆ ಮಕ್ಕಳನ್ನು ಕರೆದೊಯ್ಯುತ್ತಿದ್ದವಳು, ಕಾರಣ ಗೊತ್ತಾಗದೆ ತಾನೇ ಅವರನ್ನು ಹತ್ತಿಸಿಕೊಳ್ಳುವುದಿಲ್ಲ ಎಂದು ಹಳಿಯ ಮೇಲೇ ತೀರ್ಮಾನಿಸಿದ್ದಳು. ತಿಂಗಳಿಂದ ವ್ಯಾನು ಮೂರೇ ಜಾಗದಲ್ಲಿ ನಿಲ್ಲುತ್ತಿತ್ತು: ಕೆರೆ ಏರಿಯ ತಿರುವು, ಬಸವಣ್ಣನ ಗುಡಿ, ಈ ಗೇಟು. ಅದೂ ದಿನಾ ಅಲ್ಲ. ಕಡೂರಿನಲ್ಲಿ ಪಂಪು ಬದಲಾಯಿಸಿದರು, ತರೀಕೆರೆಯಲ್ಲಿ ಕಾಯಿಲ್ ಬದಲಾಯಿಸಿದರು. ಮೆಕ್ಯಾನಿಕ್‌ಗಳು ಓಡಿಸಿದಾಗ ಒಮ್ಮೆಯೂ ನಿಲ್ಲಲಿಲ್ಲ. ಊರಿನವರು ಗಾಡಿಗೆ ದೃಷ್ಟಿ ತಗುಲಿದೆ, ತಡೆ ಒಡೆಸು ಅಂದರು. ಅದನ್ನೂ ಮಾಡಿಸಿದಳು.

ಶನಿವಾರ ಅವಳು ಸಣ್ಣಬೀರಪ್ಪನ ಶೆಡ್ಡಿಗೆ ಹೋದಳು. ಅರವತ್ತು ದಾಟಿದ ಸಣ್ಣಬೀರಪ್ಪ ಗಾಡಿಗಳ ವೈರಿಂಗ್ ಕೆಲಸದವನು. ಹುಡುಗನಾಗಿದ್ದಾಗ ಎಮ್ಮೆದೊಡ್ಡಿ ಕಾವಲಿನ ಅಂಚಿನಲ್ಲಿ ಕುರಿ ಕಾಯುತ್ತಿದ್ದ. ಹಿಂಡಿನಲ್ಲಿ ಯಾವ ಕುರಿ ಕುಂಟುತ್ತಿದೆ ಎಂದು ತಿರುಗಿ ನೋಡದೆ ಹೇಳುತ್ತಿದ್ದನಂತೆ. ಆಮೇಲೆ ಕೆಟ್ಟ ರೇಡಿಯೋಗಳನ್ನು ಬಿಚ್ಚಿ ಬಿಚ್ಚಿ ಕಲಿತ. ನಲವತ್ತು ವರ್ಷದಿಂದ ವೈರುಗಳ ಜೊತೆಗೇ ಬದುಕು. "ಬಾನೆಟ್ ಎತ್ತೋಕೆ ಮುಂಚೆ ಬೀರಣ್ಣ ನಮ್ಮ ಜಾತಕ ಕೇಳ್ತಾನೆ" ಎಂದು ಲಾರಿಯವರು ಗೇಲಿ ಮಾಡುತ್ತಿದ್ದರು.

ಸೌಮ್ಯ ಹೇಳಿದ್ದನ್ನೆಲ್ಲ ಅವನು ನಡುವೆ ಬಾಯಿ ಹಾಕದೆ ಕೇಳಿದ. ಬಾನೆಟ್ ಎತ್ತಲಿಲ್ಲ. ಅವಳನ್ನು ಸ್ಟೇರಿಂಗ್ ಮುಂದೆ ಕೂರಿಸಿ, ತಾನು ಪಕ್ಕದಲ್ಲಿ ಕೂತ.

"ಎಂಜಿನ್ ಶುರು ಮಾಡವ್ವ. ಗೇರ್ ಹಾಕ್ಬ್ಯಾಡ. ಈಗ ಕಣ್ಣು ಮುಚ್ಕೊಂಡು ನಿಮ್ಮೂರಿಂದ ಹೊರಡು. ಏನೇನು ಕಾಣ್ತದೋ ಹೇಳ್ತಾ ಬಾ."

"ನಿಂತ ಗಾಡೀಲಾ? ನೋಡಿದೋರು ನಗ್ತಾರೆ, ಬೀರಣ್ಣ."

"ನಗ್ಲಿ ಬಿಡು. ಅವರ ಗಾಡಿ ಕೆಟ್ಟಾಗ ಇಲ್ಲಿಗೇ ಬತ್ತಾರೆ."

ಅವಳು ಕಣ್ಣು ಮುಚ್ಚಿದಳು. ಕರಿಯಮ್ಮನ ಮನೆ, ಹಾಲಿನ ಡೈರಿ, ತೆಂಗಿನ ತೋಟ ಎನ್ನುತ್ತಾ ಹೋದಳು. ಪಕ್ಕದಲ್ಲಿ ಸಣ್ಣಬೀರಪ್ಪನೂ ಕಣ್ಣು ಮುಚ್ಚಿ ಕೂತಿದ್ದ. "ಈಗ ಏರಿ ತಿರುವು... ನೀರು ತುಂಬಿದೆ..." ಎನ್ನುವಷ್ಟರಲ್ಲಿ ಎಂಜಿನ್ ಕೆಮ್ಮಿದಂತಾಗಿ ಪಟ್ಟನೆ ನಿಂತಿತು.

ಗಾಡಿ ಒಂದಡಿಯೂ ಕದಲಿರಲಿಲ್ಲ. ಏರಿ ಇರುವುದು ಮೈಲಿಗಟ್ಟಲೆ ದೂರದಲ್ಲಿ.

"ಕಣ್ಣು ಬಿಡು. ಕೈ ಮಾತ್ರ ತೆಗೀಬ್ಯಾಡ" ಎಂದ ಸಣ್ಣಬೀರಪ್ಪ. ಎಂಜಿನ್ ನಿಲ್ಲುವ ಮುನ್ನ ಡ್ಯಾಶ್‌ಬೋರ್ಡಿನಲ್ಲಿ ಏನೋ ಅದುಮಿದ ಸದ್ದು ಅವನಿಗೆ ಕೇಳಿಸಿತ್ತು.

ಅವಳ ಎಡಗೈ ಡ್ಯಾಶ್‌ಬೋರ್ಡಿನ ಮೇಲಿದ್ದ ವೀರಭದ್ರಸ್ವಾಮಿಯ ಪಟವನ್ನು ಒತ್ತಿ ಹಿಡಿದಿತ್ತು. ಭಯದ ತಿರುವು, ಗುಡಿ, ಹಳಿ ಬಂದಾಗಲೆಲ್ಲ ಮನೆದೇವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಅವಳಿಗೇ ಗೊತ್ತಿಲ್ಲದ ರೂಢಿಯಾಗಿತ್ತು. ಮೆಕ್ಯಾನಿಕ್‌ಗಳು ಪಟ ಮುಟ್ಟಿರಲಿಲ್ಲ.

ಸಣ್ಣಬೀರಪ್ಪ ಇಳಿದು ಕೈ ತೊಳೆದುಕೊಂಡು ಬಂದ. "ದೇವರನ್ನ ನೀನೇ ಇಳಿಸವ್ವ."

ಪಟದ ಹಿಂದೆ ಪುಟ್ಟ ಕೆಂಪು ಬಲ್ಬು. ಅದಕ್ಕೆ ಕರೆಂಟು ಕೊಡಲು ಎಂಜಿನ್‌ಗೆ ಹೋಗುವ ವೈರನ್ನೇ ಕತ್ತರಿಸಿ, ತುದಿಗಳನ್ನು ತಿರುಚಿ, ಟೇಪು ಸುತ್ತಿದ್ದರು. ಪಟ ಒತ್ತಿದಾಗ ಒಮ್ಮೊಮ್ಮೆ ಆ ಜಾಯಿಂಟು ಬಿಡುತ್ತಿತ್ತು. ಕರೆಂಟು ತಪ್ಪುತ್ತಿತ್ತು, ಎಂಜಿನ್ ಸಾಯುತ್ತಿತ್ತು.

"ಯಾರು ಮಾಡಿದ್ದು ಈ ಕೆಲಸ?"

"ಮೈದುನ ರುದ್ರಮೂರ್ತಿ. ಹೋದ ತಿಂಗಳು ಆಯುಧಪೂಜೆಗೆ ಹಾಕ್ಕೊಟ್ಟ."

"ಭಕ್ತಿ ಜಾಸ್ತಿ ಆಯ್ತು, ಟೇಪು ಕಮ್ಮಿ ಆಯ್ತು."

ಸೌಮ್ಯಳಿಗೆ ನಗು ಬರಲಿಲ್ಲ. "ನಾನು ಸ್ವಾಮೀನ ಮುಟ್ಟಿದ್ದಕ್ಕೇ ಮಕ್ಕಳು ಹಳಿ ಮೇಲೆ ನಿಂತ್ರಾ?"

"ಮುಟ್ಟಿದ್ದು ತಪ್ಪಲ್ಲ ಕಣವ್ವ. ವೈರು ತಿರುಚಿದ್ದು ತಪ್ಪು."

ಅವನು ವೈರನ್ನು ಬೆಸೆದ, ಬಲ್ಬಿಗೆ ಬೇರೆ ದಾರಿ ಮಾಡಿದ, ಪಟವನ್ನು ಅವಳ ಕೈಯಲ್ಲೇ ಮತ್ತೆ ಕೂರಿಸಿದ. "ಈಗ ಒತ್ತು. ಇನ್ನೂ ಜೋರಾಗಿ." ಇಪ್ಪತ್ತು ಸಲ ಒತ್ತಿಸಿದ. ಎಂಜಿನ್ ಒಂದೇ ಸಮನೆ ಓಡುತ್ತಿತ್ತು. ಸೌಮ್ಯ ಪಟವನ್ನು ನೋಡಿದಳು, ಆ ಮುದುಕನನ್ನು ನೋಡಿದಳು. ಯಾರಿಗೆ ಮೊದಲು ಕೈ ಮುಗಿಯಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅವನು ಮುಂದಿನ ಟ್ರ್ಯಾಕ್ಟರಿನವನ ಎದುರು ಕೂತು, "ಹೇಳಪ್ಪಾ, ಮೊದಲಿಂದ ಹೇಳು" ಎನ್ನುತ್ತಿದ್ದ.

ಭಾನುವಾರ ಸೌಮ್ಯ ಕರಿಯಮ್ಮನಿಗೆ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದಳು. ಸೋಮವಾರ ಮುದುಕಿ ಮೊಮ್ಮಕ್ಕಳನ್ನು ಹಿಂದೆ ಹತ್ತಿಸಿ, ತಾನೇ ಬಂದು ಮುಂದಿನ ಸೀಟಿನಲ್ಲಿ ಕೂತಳು. ಊರು ಬಿಟ್ಟಾಗಿನಿಂದ ಬಿಗಿಯಾಗಿ ಕಣ್ಣು ಮುಚ್ಚಿದ್ದವಳು ಶಾಲೆ ಹತ್ತಿರವಾಗುವಾಗ ಕೇಳಿದಳು:

"ಗೇಟು ಇನ್ನೂ ಎಷ್ಟು ದೂರ?"

"ದಾಟಿ ಆಯ್ತು ಕಣಜ್ಜಿ."